ಎಣ್ಣೆಯ ಸಾಂದ್ರತೆ 0.911 ಇದ್ದದ್ದು 911 ಆಗುವುದು ಹೇಗೆ?

ಪ್ರಶ್ನೆ: ನಾವು ರಾಣೆಬೆನ್ನೂರಿನಲ್ಲಿ ಮರದ ಗಾಣ ಇಟ್ಟುಕೊಂಡಿದ್ದೇವೆ. ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ತೆಗೆಯುತ್ತೇವೆ. ಈಗ ಎರಡು ಸಾವಿರ ಲೀಟರ್ ಹಿಡಿಯುವ ಸ್ಟೀಲ್ ಟ್ಯಾಂಕ್ ಮಾಡಿಸುತ್ತಿದ್ದೇವೆ. ಹುಬ್ಬಳ್ಳಿಯ ಫ್ಯಾಬ್ರಿಕೇಟರ್ "ಎಣ್ಣಿ ಡೆನ್ಸಿಟಿ ಕೆ.ಜಿ. ಪರ್ ಕ್ಯೂಬಿಕ್ ಮೀಟರ್‌ನಾಗ ಕೊಡ್ರಿ, ಸ್ಟ್ಯಾಂಡಿನ ಲೆಕ್ಕ ಹಾಕಬೇಕು" ಅಂದರು. ಲ್ಯಾಬಿನ ವರದಿಯಲ್ಲಿ ಶೇಂಗಾ ಎಣ್ಣೆಯ ಸಾಂದ್ರತೆ ಘನ ಸೆಂಟಿಮೀಟರಿಗೆ 0.911 ಗ್ರಾಂ ಅಂತ ಇದೆ. ಗ್ರಾಂ ಇದ್ದದ್ದನ್ನು ಕೆ.ಜಿ. ಮಾಡಲು 1000ದಿಂದ ಭಾಗಿಸಿದೆ, ಸೆಂಟಿಮೀಟರನ್ನು ಮೀಟರ್ ಮಾಡಲು 100ರಿಂದ ಗುಣಿಸಿದೆ. 0.0911 ಬಂತು. ಒಂಬತ್ತನೇ ತರಗತಿ ಓದುವ ಮಗಳು "ಸುಮ್ಮನ 1000ಲೆ ಗುಣಿಸವ್ವ, 911" ಅನ್ನುತ್ತಾಳೆ. ಯಾಕೆ ಅಂದರೆ ಅವಳಿಗೂ ಗೊತ್ತಿಲ್ಲ. ಸಣ್ಣ ಮಾನದಿಂದ ದೊಡ್ಡ ಮಾನಕ್ಕೆ ಹೋದರೆ ಸಂಖ್ಯೆ ಚಿಕ್ಕದಾಗಬೇಕಲ್ಲವೇ? ಇನ್ನೊಂದು ಮಾತು: 15 ಕೆ.ಜಿ. ಡಬ್ಬಿ, 15 ಲೀಟರ್ ಡಬ್ಬಿ ಎರಡೂ ಒಂದೇ ಎಂದು ಗಿರಾಕಿಗಳು ವಾದಿಸುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ಮಗಳು ಹೇಳಿದ 911 ಸರಿ. ಆದರೆ ನೀವು ಕೇಳಿದ "ಯಾಕೆ" ಅನ್ನುವುದು ಅವಳ ಉತ್ತರಕ್ಕಿಂತ ದೊಡ್ಡದು, ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಧಾರವಾಡದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದ್ದೇನೆ. ವರ್ಷದ ಮೊದಲ ಕಿರುಪರೀಕ್ಷೆಯಲ್ಲಿ ನಿಮ್ಮದೇ ತಪ್ಪು ಹತ್ತಾರು ಉತ್ತರಪತ್ರಿಕೆಗಳಲ್ಲಿ ತಪ್ಪದೇ ಬರುತ್ತಿತ್ತು. ಕರೆದು ಕೇಳಿದರೆ, "ನೂರು ಸೆಂಟಿಮೀಟರಿಗೆ ಒಂದು ಮೀಟರ್ ಅಲ್ಲೇನ್ರಿ ಸರ, ಅದಕ್ಕ ನೂರಲೆ ಗುಣಿಸೀನ್ರಿ" ಅನ್ನುತ್ತಿದ್ದರು. ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದು ಉದ್ದದ ಮಾತು. ಬಟ್ಟೆ ಅಳೆಯುವಾಗ ನಡೆಯುತ್ತದೆ, ಎಣ್ಣೆ ತುಂಬುವಾಗ ನಡೆಯುವುದಿಲ್ಲ.

ಲೆಕ್ಕ ಬಿಚ್ಚುವ ಮೊದಲು ನಿಮ್ಮ 0.0911 ಅನ್ನು ಒಮ್ಮೆ ಟ್ಯಾಂಕಿಗೆ ಹಾಕಿ ನೋಡೋಣ. ಎರಡು ಸಾವಿರ ಲೀಟರ್ ಅಂದರೆ 2 ಘನ ಮೀಟರ್. ಘನ ಮೀಟರಿಗೆ 0.0911 ಕೆ.ಜಿ. ಆದರೆ ಟ್ಯಾಂಕ್ ತುಂಬ ಎಣ್ಣೆಯ ತೂಕ 0.182 ಕೆ.ಜಿ., ಅಂದರೆ 182 ಗ್ರಾಂ. ನೀವು ದಿನಾ ಎಣ್ಣೆ ಡಬ್ಬಿ ಎತ್ತಿ ಇಳಿಸುವವರು. ಎರಡು ಸಾವಿರ ಲೀಟರ್ ಎಣ್ಣೆ ಒಂದು ಲೋಟ ಚಹಾದಷ್ಟು ತೂಗುತ್ತದೆ ಎಂದರೆ ನಿಮ್ಮ ರಟ್ಟೆಯೇ ಒಪ್ಪುವುದಿಲ್ಲ. ನಾವು ಉಸಿರಾಡುವ ಗಾಳಿಯೇ ಘನ ಮೀಟರಿಗೆ ಸುಮಾರು 1.2 ಕೆ.ಜಿ. ತೂಗುತ್ತದೆ. 0.09ರ ಆಸುಪಾಸಿನಲ್ಲಿರುವುದು ಜಲಜನಕ ಅನಿಲ: ಸೊನ್ನೆ ಡಿಗ್ರಿಯಲ್ಲಿ, ಸಾಮಾನ್ಯ ಒತ್ತಡದಲ್ಲಿ, ಘನ ಮೀಟರಿಗೆ 0.0899 ಕೆ.ಜಿ. ಲೋಕದಲ್ಲಿ ಎಲ್ಲಕ್ಕಿಂತ ಹಗುರವಾದ ಅನಿಲದ ಸಾಂದ್ರತೆಗೆ ಶೇಂಗಾ ಎಣ್ಣೆ ಬಂದು ನಿಂತಿದೆ. ಕ್ಯಾಲ್ಕ್ಯುಲೇಟರ್ ಇದನ್ನು ಎಂದೂ ಹೇಳುವುದಿಲ್ಲ, ನಾವೇ ಕೇಳಬೇಕು. ಬಂದ ಉತ್ತರವನ್ನು ಒಂದು ಪಾತ್ರೆಗೆ ತುಂಬಿ ತೂಗಿ ನೋಡುವ ಈ ಅಭ್ಯಾಸವನ್ನು ನಾನು ಸೂತ್ರಕ್ಕಿಂತ ಮೊದಲು ಕಲಿಸುತ್ತಿದ್ದೆ.

ಈಗ ಆ ನೂರು ಎಲ್ಲಿ ದಾರಿ ತಪ್ಪಿತು ನೋಡೋಣ.

ಲೂಡೋ ಆಟದ ದಾಳವನ್ನು ಕೈಯಲ್ಲಿ ಹಿಡಿಯಿರಿ. ಹೆಚ್ಚುಕಡಿಮೆ ಅದು ಒಂದು ಘನ ಸೆಂಟಿಮೀಟರ್: ಒಂದು ಸೆಂ.ಮೀ. ಉದ್ದ, ಒಂದು ಅಗಲ, ಒಂದು ಎತ್ತರ. ಅಂಥ ದಾಳಗಳನ್ನು ಒಂದು ಸಾಲಿನಲ್ಲಿ ನೂರು ಜೋಡಿಸಿದರೆ ಒಂದು ಮೀಟರ್ ಉದ್ದವಾಯಿತು. ಇಷ್ಟೇ ಆದರೆ ಅದು ಕೋಲು, ಡಬ್ಬಿಯಲ್ಲ. ಅಂಥ ನೂರು ಸಾಲುಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ನೆಲದ ಮೇಲೆ ಒಂದು ಮೀಟರ್ ಚೌಕದ ಹಾಸು ಆಗುತ್ತದೆ. ಅದರಲ್ಲಿ ಹತ್ತು ಸಾವಿರ ದಾಳ. ಆ ಹಾಸಿನ ಮೇಲೆ ಹಾಸು ಇಡುತ್ತ ಒಂದು ಮೀಟರ್ ಎತ್ತರ ಮಾಡಬೇಕಾದರೆ ನೂರು ಹಾಸು ಬೇಕು. ಒಟ್ಟು 10,00,000 ದಾಳ. ಹತ್ತು ಲಕ್ಷ. ನೂರು ಅನ್ನುವುದು ಮೂರು ಸಲ ಬಂತು, ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ, ಎತ್ತರಕ್ಕೊಮ್ಮೆ. ನೀವು ಉದ್ದದ ನೂರನ್ನು ಹಿಡಿದು ಉಳಿದ ಎರಡನ್ನು ಬಿಟ್ಟಿರಿ. ಬಿಟ್ಟದ್ದು ನೂರು ನೂರಲೆ ಹತ್ತು ಸಾವಿರ, ಅದಕ್ಕೇ ನಿಮ್ಮ ಉತ್ತರ ಸರಿಯುತ್ತರಕ್ಕಿಂತ ಹತ್ತು ಸಾವಿರ ಪಟ್ಟು ಚಿಕ್ಕದಾಗಿದೆ. 0.0911 ಅನ್ನು ಹತ್ತು ಸಾವಿರದಿಂದ ಗುಣಿಸಿ ನೋಡಿ, 911 ಅಲ್ಲೇ ಇದೆ.

ಹತ್ತು ಲಕ್ಷ ಅಂದರೆ ಎಷ್ಟು ಎಂಬುದು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಒಂದು ವರ್ಷ ಹುಡುಗರಿಂದ ಬಿದಿರಿನ ದಬ್ಬೆ ತರಿಸಿ, ಸುತಳಿಯಿಂದ ಕಟ್ಟಿ, ತರಗತಿಯ ಮೂಲೆಯಲ್ಲಿ ಒಂದು ಮೀಟರ್ ಉದ್ದ, ಅಗಲ, ಎತ್ತರದ ಚೌಕಟ್ಟು ನಿಲ್ಲಿಸಿದೆ. ಒಳಗೆ ನಾಲ್ಕೈದು ಹುಡುಗರು ಮುದುಡಿ ಕೂತರು. ಕೈಯಲ್ಲಿ ಒಂದು ದಾಳ ಕೊಟ್ಟು, "ಸೆಕೆಂಡಿಗೆ ಒಂದರಂತೆ ಇದರೊಳಗೆ ಹಾಕುತ್ತ ಹೋದರೆ ಯಾವಾಗ ತುಂಬುತ್ತದೆ?" ಎಂದು ಕೇಳಿದೆ. ಸಂಜೆಯ ಹೊತ್ತಿಗೆ ಅಂದವರೇ ಹೆಚ್ಚು. ಲೆಕ್ಕ ಹಾಕಿದರೆ ಊಟ ನಿದ್ದೆ ಬಿಟ್ಟು ಕೂತರೂ ಹನ್ನೊಂದೂವರೆ ದಿನ. ಆ ಚೌಕಟ್ಟು ಇದ್ದ ವರ್ಷ ನಿಮ್ಮ ತಪ್ಪು ಮಾಡಿದವರು ಬಹಳ ಕಡಿಮೆ.

ಸಂಖ್ಯೆ ದೊಡ್ಡದಾಗುವುದು ಯಾಕೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರವೂ ಆ ಚೌಕಟ್ಟಿನಲ್ಲೇ ಇದೆ. ಸಣ್ಣ ಮಾನದಿಂದ ದೊಡ್ಡ ಮಾನಕ್ಕೆ ಹೋದರೆ ಸಂಖ್ಯೆ ಚಿಕ್ಕದಾಗುತ್ತದೆ ಎಂದಿರಿ. ಬರೀ ತೂಕದ ಲೆಕ್ಕವಾದರೆ ಆ ಮಾತು ಪೂರಾ ಸರಿ: 500 ಗ್ರಾಂ ಹೋಗಿ 0.5 ಕೆ.ಜಿ. ಆಗುತ್ತದೆ. ಸಾಂದ್ರತೆಯಲ್ಲಿ ಮಾನಗಳು ಎರಡು, ಒಂದು ಗೆರೆಯ ಮೇಲೆ, ಒಂದು ಗೆರೆಯ ಕೆಳಗೆ. ಮೇಲಿನದು ತೂಗುವ ಬಟ್ಟು, ಕೆಳಗಿನದು ತುಂಬುವ ಡಬ್ಬಿ. ಬಟ್ಟು ದೊಡ್ಡದಾದರೆ ಸಂಖ್ಯೆ ಇಳಿಯುತ್ತದೆ, ಡಬ್ಬಿ ದೊಡ್ಡದಾದರೆ ಅದರಲ್ಲಿ ಹಿಡಿಯುವ ಸರಕು ಹೆಚ್ಚುತ್ತದೆ, ಸಂಖ್ಯೆ ಏರುತ್ತದೆ. ಇಲ್ಲಿ ಬಟ್ಟು ಸಾವಿರ ಪಟ್ಟು ದೊಡ್ಡದಾಯಿತು, ಡಬ್ಬಿ ಹತ್ತು ಲಕ್ಷ ಪಟ್ಟು ದೊಡ್ಡದಾಯಿತು. ಇಳಿದದ್ದಕ್ಕಿಂತ ಏರಿದ್ದು ಸಾವಿರ ಪಟ್ಟು ಹೆಚ್ಚು. ಮಗಳ 1000 ಅದೇ.

ಸೂತ್ರ ನೆನಪಿಡಲು ಬೇಸರವಾದರೆ ಹೀಗೆ ಮಾಡಿ. ಮೊದಲು ತುಂಬಿ, ಆಮೇಲೆ ತೂಗಿ. ಒಂದು ದಾಳದಷ್ಟು ಜಾಗದಲ್ಲಿ 0.911 ಗ್ರಾಂ ಎಣ್ಣೆ. ಹತ್ತು ಲಕ್ಷ ದಾಳದಷ್ಟು ಜಾಗದಲ್ಲಿ 9,11,000 ಗ್ರಾಂ. ಅದನ್ನು ಕೆ.ಜಿ.ಯಲ್ಲಿ ಹೇಳಿದರೆ 911. ಗುಣಿಸಬೇಕೋ ಭಾಗಿಸಬೇಕೋ ಎಂಬ ಗೊಂದಲವೇ ಇಲ್ಲ. ತಿರುಗಿ ಬರುವುದೂ ಹಾಗೆಯೇ: ಉಕ್ಕು ಘನ ಮೀಟರಿಗೆ 7850 ಕೆ.ಜಿ., ಅಂದರೆ 78,50,000 ಗ್ರಾಂ. ಅದನ್ನು ಹತ್ತು ಲಕ್ಷ ದಾಳಗಳಿಗೆ ಹಂಚಿದರೆ ಒಂದಕ್ಕೆ 7.85 ಗ್ರಾಂ.

ಈ ಸಾವಿರ ಇಷ್ಟು ಚೊಕ್ಕವಾಗಿ ಬಂದದ್ದು ದೈವಯೋಗವಲ್ಲ. 1795ರಲ್ಲಿ ಫ್ರಾನ್ಸಿನಲ್ಲಿ ಗ್ರಾಂ ಎಂಬ ಮಾನವನ್ನು ಗೊತ್ತು ಮಾಡಿದಾಗ, ಒಂದು ಘನ ಸೆಂಟಿಮೀಟರ್ ಶುದ್ಧ ನೀರಿನ ತೂಕವೇ ಒಂದು ಗ್ರಾಂ ಎಂದು ಕಾನೂನು ಮಾಡಿದರು. ಮೊದಲು ಹಿಮ ಕರಗುವ ಉಷ್ಣತೆಯ ನೀರು ಎಂದಿದ್ದನ್ನು, ನೀರು ಅತಿ ಹೆಚ್ಚು ಸಾಂದ್ರವಾಗುವ 4 ಡಿಗ್ರಿಗೆ ಬದಲಿಸಿ 1799ರಲ್ಲಿ ಕಿಲೋಗ್ರಾಮಿನ ಲೋಹದ ಬಟ್ಟು ಮಾಡಿದರು. ಅಂದಿನ ಅಳತೆ ಎಷ್ಟು ನಿಖರವಾಗಿತ್ತೆಂದರೆ, ಇಂದಿನ ಲೆಕ್ಕದಲ್ಲಿ 4 ಡಿಗ್ರಿಯ ನೀರು ಘನ ಮೀಟರಿಗೆ 999.97 ಕೆ.ಜಿ. ತೂಗುತ್ತದೆ. ಹಾಗಾಗಿ ನೀರು ಎಲ್ಲ ಮಾನಗಳಿಗೂ ಒರೆಗಲ್ಲು. ಘನ ಸೆಂಟಿಮೀಟರಿಗೆ 1 ಗ್ರಾಂ, ಮಿಲಿಲೀಟರಿಗೆ 1 ಗ್ರಾಂ, ಲೀಟರಿಗೆ 1 ಕೆ.ಜಿ., ಘನ ಮೀಟರಿಗೆ 1 ಟನ್, ಘನ ಮೀಟರಿಗೆ 1000 ಕೆ.ಜಿ. ಇವೆಲ್ಲ ಒಂದೇ. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಹಾಗಾದರೆ ಅದರ ಸಂಖ್ಯೆ ಆಯಾ ಮಾನದಲ್ಲಿ ನೀರಿನ ಸಂಖ್ಯೆಗಿಂತ ಸ್ವಲ್ಪ ಕೆಳಗೆ ಇರಲೇಬೇಕು: 1ಕ್ಕೆ 0.911, 1000ಕ್ಕೆ 911.

ಲೀಟರಿಗೂ ಒಂದು ಕಥೆ ಇದೆ. 1901ರಿಂದ 1964ರವರೆಗೆ ಲೀಟರ್ ಎಂದರೆ ಒಂದು ಕೆ.ಜಿ. ನೀರು ಹಿಡಿಯುವ ಜಾಗ ಎಂಬ ವ್ಯಾಖ್ಯೆ ಇತ್ತು. ಅದು 1000 ಘನ ಸೆಂಟಿಮೀಟರಿಗಿಂತ ಕೂದಲೆಳೆಯಷ್ಟು ದೊಡ್ಡದು, 1000.028. ಹಳೆಯ ಪಠ್ಯಗಳಲ್ಲಿ ಮಿಲಿಲೀಟರ್ ಬೇರೆ, ಘನ ಸೆಂಟಿಮೀಟರ್ ಬೇರೆ ಎಂದು ಓದಿದ ಹಿರಿಯರು ಇದ್ದರೆ ಅದಕ್ಕೆ ಇದೇ ಕಾರಣ. 1964ರ ನಂತರ ಎರಡೂ ಒಂದೇ.

ನಿಮ್ಮ ಫ್ಯಾಬ್ರಿಕೇಟರ್ ಕಡೆ ಬರೋಣ. ಅವರು ಕೆಲಸದಲ್ಲಿ ದಿನವೂ ಈ ಪರಿವರ್ತನೆ ಮಾಡುತ್ತಲೇ ಇರುತ್ತಾರೆ, ಹೆಸರು ಮಾತ್ರ ಬೇರೆ. ಗೋಕುಲ ರಸ್ತೆಯ ಶೆಡ್ಡುಗಳಲ್ಲಿ ಶೀಟಿನ ತೂಕ ಕೇಳಿದರೆ "ಎಂಎಂಗೆ ಏಳು ಎಂಬತ್ತೈದು" ಅನ್ನುತ್ತಾರೆ. ಒಂದು ಚದರ ಮೀಟರ್ ಅಗಲದ, ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆ 7.85 ಕೆ.ಜಿ. ತೂಗುತ್ತದೆ ಎಂದು ಅದರ ಅರ್ಥ. ಚದರ ಮೀಟರ್ ಹಾಳೆಗೆ ಒಂದು ಮಿ.ಮೀ. ದಪ್ಪ ಕೊಟ್ಟರೆ ಅದು ಘನ ಮೀಟರಿನ ಸಾವಿರದ ಒಂದು ಪಾಲು, ಸರಿಯಾಗಿ ಒಂದು ಲೀಟರ್. ಲೀಟರಿಗೆ 7.85 ಕೆ.ಜಿ. ಎಂದರೂ, ಘನ ಸೆಂಟಿಮೀಟರಿಗೆ 7.85 ಗ್ರಾಂ ಎಂದರೂ ಒಂದೇ ಆದ್ದರಿಂದ ಅದೇ ಅಂಕಿ ಅಲ್ಲಿ ಬಂದು ಕೂತಿದೆ.

ಕಟ್ಟಡದ ಕಬ್ಬಿಣ ಕಟ್ಟುವವರದು ಇನ್ನೂ ಚೆಂದ. "ಡಿ ಸ್ಕ್ವೇರ್ ಬೈ 162" ಎಂಬ ಮಾತು ಹುಬ್ಬಳ್ಳಿ-ಧಾರವಾಡದ ಸೈಟುಗಳಲ್ಲಿ ಶಾಲೆ ಮೆಟ್ಟಿಲು ಹತ್ತದ ಬಾರ್ ಬೆಂಡರಿಗೂ ಬಾಯಿಪಾಠ. ರಾಡಿನ ವ್ಯಾಸವನ್ನು ಮಿ.ಮೀ.ಯಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರ್ ರಾಡಿನ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. 12 ಮಿ.ಮೀ. ರಾಡಿಗೆ 144 ಭಾಗಿಸು 162, ಅಂದರೆ ಮೀಟರಿಗೆ 0.889 ಕೆ.ಜಿ. ಈ 162 ಎಲ್ಲಿಂದ ಬಂತು? ರಾಡಿನ ದುಂಡು ಮುಖದ ವಿಸ್ತೀರ್ಣ ವ್ಯಾಸದ ವರ್ಗದ 0.7854 ಪಟ್ಟು, ಚದರ ಮಿ.ಮೀ.ಗಳಲ್ಲಿ. ಒಂದು ಚದರ ಮೀಟರಿನಲ್ಲಿ ಹತ್ತು ಲಕ್ಷ ಚದರ ಮಿ.ಮೀ. ಇರುವುದರಿಂದ ಅದನ್ನು ಹತ್ತು ಲಕ್ಷದಿಂದ ಭಾಗಿಸಿ, ಒಂದು ಮೀಟರ್ ಉದ್ದ ಕೊಟ್ಟು, 7850ರಿಂದ ಗುಣಿಸಿ. 0.006165 ಬರುತ್ತದೆ. ಒಂದನ್ನು ಅದರಿಂದ ಭಾಗಿಸಿದರೆ 162.2. ಸಾಂದ್ರತೆ, ವೃತ್ತದ ವಿಸ್ತೀರ್ಣ, ಮಿಲಿಮೀಟರ್ ಮೀಟರ್ ಆಗುವ ಲೆಕ್ಕ, ಮೂರನ್ನೂ ಯಾರೋ ಪುಣ್ಯಾತ್ಮರು ಒಂದೇ ಅಂಕಿಯೊಳಗೆ ಮಡಚಿ ಇಟ್ಟಿದ್ದಾರೆ. ನಿಮ್ಮ ಮಗಳಿಗೆ ಇದನ್ನು ಒಮ್ಮೆ ಕೈಯಾರೆ ಬಿಚ್ಚಿ ನೋಡಲು ಹೇಳಿ. ಪಠ್ಯದ ಹತ್ತು ಲೆಕ್ಕಕ್ಕಿಂತ ಇದು ಹೆಚ್ಚು ಕಲಿಸುತ್ತದೆ.

"1000ಲೆ ಗುಣಿಸು" ಎಂಬ ಅವಳ ಬಾಯಿಪಾಠದ ಬಗ್ಗೆ ನನಗೆ ಒಂದು ಕಾಳಜಿ ಇದೆ. ಗ್ರಾಂ, ಘನ ಸೆಂಟಿಮೀಟರ್ ಇರುವ ತನಕ ಅದು ಕೈ ಬಿಡುವುದಿಲ್ಲ. ಮಾನ ಸ್ವಲ್ಪ ಬದಲಾದರೆ ಮುಳುಗಿಸುತ್ತದೆ. ಲೀಟರಿಗೆ ಇಷ್ಟು ಗ್ರಾಂ ಎಂದು ಕೊಟ್ಟಿದ್ದರೆ ಘನ ಮೀಟರಿಗೆ ಅಷ್ಟೇ ಕೆ.ಜಿ., ಗುಣಿಸಲು ಏನೂ ಇಲ್ಲ, ಯಾಕೆಂದರೆ ಬಟ್ಟೂ ಡಬ್ಬಿಯೂ ಎರಡೂ ಸಾವಿರ ಪಟ್ಟು ಬೆಳೆದಿವೆ. ಸಕ್ಕರೆ ಕಾಯಿಲೆಯವರ ರಕ್ತದ ವರದಿಯಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ ಎಂದಿರುತ್ತದೆ. ಡೆಸಿಲೀಟರ್ ಅಂದರೆ ಲೀಟರಿನ ಹತ್ತನೇ ಒಂದು ಪಾಲು. ಹಾಗಾದರೆ ಲೀಟರಿಗೆ 1260 ಮಿಲಿಗ್ರಾಂ, ಅಂದರೆ 1.26 ಗ್ರಾಂ. ಗದಗ ಜಿಲ್ಲೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಕಾಟ ಇದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಲೀಟರಿಗೆ 1.5 ಮಿಲಿಗ್ರಾಂ ಅಂದರೆ ಮನೆ ಮೇಲಿನ ಸಾವಿರ ಲೀಟರ್ ಸಿಂಟೆಕ್ಸ್ ತುಂಬ ಒಂದೂವರೆ ಗ್ರಾಂ. ಇವು ಸಾಂದ್ರತೆಯಲ್ಲ, ಕರಗಿದ ವಸ್ತುವಿನ ಸಾರತೆ. ಆದರೆ ತೂಕದ ಕೆಳಗೆ ಡಬ್ಬಿ ಇರುವ ಕಡೆಯಲ್ಲೆಲ್ಲ ಲೆಕ್ಕದ ದಾರಿ ಒಂದೇ.

ಮಾನ ಬರೆಯುವಾಗ ಅಕ್ಷರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಿಕ್ಕಿಬಿದ್ದ ಪ್ರಸಂಗ ಹೇಳುತ್ತೇನೆ. ನವಲಗುಂದ ಕಡೆಯ ಒಬ್ಬ ಹಳೆಯ ವಿದ್ಯಾರ್ಥಿ ತನ್ನ ಎರೆ ಹೊಲದ ಮಣ್ಣು ಪರೀಕ್ಷೆಯ ಹಾಳೆ ತಂದಿದ್ದ. ಅದರಲ್ಲಿ ಮಣ್ಣಿನ ಗಾತ್ರ ಸಾಂದ್ರತೆ 1.3 ಎಂದಿತ್ತು, ಮಾನದ ಜಾಗದಲ್ಲಿ ಇಂಗ್ಲಿಷಿನ ಚಿಕ್ಕ ಎಂ, ಜಿ, ಅದರ ಕೆಳಗೆ ಘನ ಮೀಟರ್. ನಾನು ಮಿಲಿಗ್ರಾಂ ಎಂದೇ ಓದಿಕೊಂಡು ಲೆಕ್ಕ ಶುರು ಮಾಡಿದೆ. ಒಂದು ಎಕರೆ 4047 ಚದರ ಮೀಟರ್, ನೇಗಿಲು ಹೋಗುವ ಆಳ 15 ಸೆಂ.ಮೀ., ಒಟ್ಟು 607 ಘನ ಮೀಟರ್ ಮಣ್ಣು. 1.3ರಿಂದ ಗುಣಿಸಿದರೆ 789. ಮಿಲಿಗ್ರಾಂ! ಒಂದು ಎಕರೆಯ ಉಳುಮೆ ಮಣ್ಣು ಒಂದು ಗ್ರಾಮೂ ತೂಗಲಿಲ್ಲ. ಮಣ್ಣು ವಿಜ್ಞಾನದವರು ಬರೆಯುವುದು ದೊಡ್ಡ ಎಂ, ಅಂದರೆ ಮೆಗಾಗ್ರಾಂ, ಹತ್ತು ಲಕ್ಷ ಗ್ರಾಂ, ನಮ್ಮ ಭಾಷೆಯಲ್ಲಿ ಒಂದು ಟನ್. ಟೈಪ್ ಮಾಡಿದವರು ಶಿಫ್ಟ್ ಒತ್ತಿರಲಿಲ್ಲ. ಆ 789 ನಿಜವಾಗಿ 789 ಟನ್. ದೊಡ್ಡ ಎಂ, ಚಿಕ್ಕ ಎಂ ನಡುವಿನ ಅಂತರ ನೂರು ಕೋಟಿ ಪಟ್ಟು. ಘನ ಮೀಟರಿಗೆ 1.3 ಮೆಗಾಗ್ರಾಂ ಎಂದರೂ ಘನ ಸೆಂಟಿಮೀಟರಿಗೆ 1.3 ಗ್ರಾಂ ಎಂದರೂ ಒಂದೇ, ನೀರಿಗಿಂತ ತುಸು ಭಾರ, ಒಣಗಿದ ಎರೆ ಮಣ್ಣಿಗೆ ಒಪ್ಪುವ ಅಂಕಿ. ಎರೆ ಮಣ್ಣಿನ ಹೆಂಟೆ ಕೈಯಲ್ಲಿ ಹಿಡಿದು ಬೆಳೆದ ಆ ರೈತನಿಗೆ ನಾನು ಲೆಕ್ಕ ಹೇಳುವ ಮೊದಲೇ ಏನೋ ತಪ್ಪಿದೆ ಎಂದು ಗೊತ್ತಾಗಿತ್ತು.

ನೀವು ಊರಿನಲ್ಲಿ ನೋಡುವ ಬೇರೆ ಎರಡು ಅಂಕಿಗಳಿಗೂ ಇದೇ ಕೀಲಿ. ಡೇರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು "28 ಬಂತು" ಅನ್ನುತ್ತಾರಲ್ಲ, ಅದು 1.028 ಎಂಬುದರ ಬಾಲ. ಲೀಟರಿಗೆ 1.028 ಕೆ.ಜಿ., ಘನ ಮೀಟರಿಗೆ 1028. ಹಾಲು ನೀರಿಗಿಂತ ಭಾರ, ನೀರು ಬೆರೆಸಿದರೆ 28 ಇಳಿಯುತ್ತದೆ. ಪೆಟ್ರೋಲ್ ಬಂಕಿನ ಫಲಕದಲ್ಲಿ ಡೆನ್ಸಿಟಿ 745.3 ಎಂದೋ 0.7453 ಎಂದೋ ಬರೆದಿರುತ್ತದೆ. ಬಂಕಿಗೊಂದು ರೀತಿ ಬರೆದರೂ ಮಾತು ಒಂದೇ. ಗಿರಾಕಿ ಕೇಳಿದರೆ ಹೈಡ್ರೋಮೀಟರಿನಿಂದ ಅಳೆದು, 15 ಡಿಗ್ರಿಗೆ ಪರಿವರ್ತಿಸಿ ತೋರಿಸಬೇಕು. ದಾಖಲೆಯ ಅಂಕಿಗೂ ಅಳೆದದ್ದಕ್ಕೂ 3ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಈ 3 ಘನ ಮೀಟರಿಗೆ ಕೆ.ಜಿ. ಲೆಕ್ಕದಲ್ಲಿ. 0.7453 ಎಂದು ಬರೆದ ಕಡೆ ಅದು 0.003.

ಅಲ್ಲಿ 15 ಡಿಗ್ರಿ ಎಂದು ಯಾಕೆ ಹಿಡಿಯುತ್ತಾರೆ ಎಂಬುದು ನಿಮಗೂ ಬೇಕಾದ ಮಾತು. ಎಣ್ಣೆ ಬಿಸಿಯಾದರೆ ಉಬ್ಬುತ್ತದೆ, ತೂಕ ಅಷ್ಟೇ ಇರುತ್ತದೆ, ಸಾಂದ್ರತೆ ಇಳಿಯುತ್ತದೆ. ನಿಮ್ಮ ಲ್ಯಾಬ್ ವರದಿಯಲ್ಲಿ ಯಾವ ಉಷ್ಣತೆಯಲ್ಲಿ 0.911 ಎಂದು ಬರೆದಿದ್ದನ್ನು ನೀವು ತಿಳಿಸಿಲ್ಲ. ಅದಿಲ್ಲದಿದ್ದರೆ ಫೋನ್ ಮಾಡಿ ಕೇಳಿ. ಅಡುಗೆ ಎಣ್ಣೆಗಳು ಒಂದು ಡಿಗ್ರಿ ಏರಿದರೆ ಘನ ಮೀಟರಿಗೆ ಸುಮಾರು 0.7 ಕೆ.ಜಿ. ಹಗುರಾಗುತ್ತವೆ. ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 893 ಗ್ರಾಂ. ಇದನ್ನೇ ಆಸರೆ ಮಾಡಿಕೊಂಡು ಕೆಲವರು ಪಾಕೀಟಿನ ಮೇಲೆ "60 ಡಿಗ್ರಿಯಲ್ಲಿ ಒಂದು ಲೀಟರ್" ಎಂದು ಬರೆದು ಕಡಿಮೆ ತೂಕದ ಎಣ್ಣೆ ಕೊಡುತ್ತಿದ್ದರು. ಅದಕ್ಕೇ 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಉಷ್ಣತೆಯ ಮಾತು ತೆಗೆದು ಲೀಟರಿನ ಜೊತೆಗೆ ತೂಕವನ್ನೂ ಮುದ್ರಿಸಿ ಎಂದು ಎಣ್ಣೆ ತಯಾರಕರಿಗೆ ಸೂಚಿಸಿತು. ನೀವು ಬಾಟಲಿಯ ಮೇಲೆ ಚೀಟಿ ಹಚ್ಚುವಾಗ ಎರಡನ್ನೂ ಬರೆಯಿರಿ.

ಇನ್ನು ಡಬ್ಬಿಯ ವಾದ. 15 ಲೀಟರ್ ಎಣ್ಣೆ 15 ಸಲ 0.911, ಅಂದರೆ 13.67 ಕೆ.ಜಿ. 15 ಕೆ.ಜಿ. ಎಣ್ಣೆ 15 ಭಾಗಿಸು 0.911, ಅಂದರೆ 16.47 ಲೀಟರ್. ಒಂದು ಡಬ್ಬಿಯಲ್ಲಿ 1.33 ಕೆ.ಜಿ. ಫರಕು. ಲೀಟರ್ ದರ ಬೇಕಾದರೆ ಕೆ.ಜಿ. ದರವನ್ನು 0.911ರಿಂದ ಗುಣಿಸಿ: ಕೆ.ಜಿ.ಗೆ 300 ರೂಪಾಯಿ ಇದ್ದರೆ ಲೀಟರಿಗೆ 273 ರೂಪಾಯಿ 30 ಪೈಸೆ. ಲೀಟರಿಗೂ 300 ತೆಗೆದುಕೊಂಡರೆ ಗಿರಾಕಿಗೆ ಅನ್ಯಾಯ, ಲೀಟರ್ ದರದಲ್ಲಿ ಕೆ.ಜಿ. ತೂಗಿ ಕೊಟ್ಟರೆ ನಿಮಗೆ ನಷ್ಟ. ಗಿರಾಕಿಗೆ ಬಾಯಲ್ಲಿ ತಿಳಿಸುವುದಾದರೆ ಸೇರಿನ ಮಾತು ಹೇಳಿ. ನಮ್ಮ ಅಜ್ಜಿ ಹಿತ್ತಾಳೆಯ ಸೇರಿನಲ್ಲಿ ಜೋಳವನ್ನೂ ಅಳೆಯುತ್ತಿದ್ದಳು, ಚುರುಮುರಿಯನ್ನೂ ಅಳೆಯುತ್ತಿದ್ದಳು. ಸೇರು ಅದೇ, ಉಡಿಯಲ್ಲಿ ಹಾಕಿಸಿಕೊಂಡಾಗ ಭಾರ ಒಂದೇ ಅಲ್ಲ. ಲೀಟರ್ ಸೇರಿನ ಜಾತಿ, ಕೆ.ಜಿ. ತಕ್ಕಡಿಯ ಜಾತಿ. ಉತ್ತರ ಕರ್ನಾಟಕದ ಯಾವ ಹೆಣ್ಣುಮಗಳಿಗೂ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಲ್ಯಾಬಿನ ಅಂಕಿಯನ್ನು ಮನೆಯಲ್ಲೇ ಪರೀಕ್ಷಿಸಬಹುದು, ಮಗಳನ್ನು ಕೂಡಿಸಿಕೊಂಡು ಮಾಡಿ. ಒಂದು ಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ, ಕುತ್ತಿಗೆ ಸಣ್ಣಗಿರುವ ಒಣಗಿದ ಗಾಜಿನ ಬಾಟಲಿ ಸಾಕು. ಕುತ್ತಿಗೆಗೆ ಒಂದು ದಾರ ಕಟ್ಟಿ ಗುರುತು ಮಾಡಿ. ಖಾಲಿ ಬಾಟಲಿ ತೂಗಿ, ಗುರುತಿನ ತನಕ ನೀರು ತುಂಬಿ ತೂಗಿ, ಚೆಲ್ಲಿ, ಪೂರಾ ಒಣಗಿಸಿ, ಅದೇ ಗುರುತಿಗೆ ಎಣ್ಣೆ ತುಂಬಿ ತೂಗಿ. ನೀರು ಮತ್ತು ಎಣ್ಣೆ ಎರಡೂ ರಾತ್ರಿಯಿಡೀ ಒಂದೇ ಕೋಣೆಯಲ್ಲಿ ಇದ್ದಿರಬೇಕು. ಬಾಟಲಿಯ ತೂಕ ಕಳೆದ ಮೇಲೆ ನೀರು 996 ಗ್ರಾಂ, ಎಣ್ಣೆ 907 ಗ್ರಾಂ ಬಂತು ಎನ್ನಿ. 907 ಭಾಗಿಸು 996, ಅಂದರೆ 0.911. ಇದು ನೀರಿಗೆ ಹೋಲಿಸಿದ ಸಾಪೇಕ್ಷ ಸಾಂದ್ರತೆ, ಇದಕ್ಕೆ ಮಾನವೇ ಇಲ್ಲ. 30 ಡಿಗ್ರಿಯಲ್ಲಿ ನೀರು ಸ್ವತಃ ಘನ ಸೆಂಟಿಮೀಟರಿಗೆ 0.9957 ಗ್ರಾಂ ಮಾತ್ರ. ಅದರಿಂದ ಗುಣಿಸಿದರೆ ಎಣ್ಣೆಯ ನಿಜವಾದ ಸಾಂದ್ರತೆ 0.907. ಎಣ್ಣೆಯ ವರದಿಗಳಲ್ಲಿ ಸಾಪೇಕ್ಷ ಸಾಂದ್ರತೆಯನ್ನೇ ಕೊಡುವ ರೂಢಿ ಬಹಳ, ಹಾಗಾಗಿ ಫೋನ್ ಮಾಡಿದಾಗ ಇದನ್ನೂ ಕೇಳಿ. 911ಕ್ಕೂ 907ಕ್ಕೂ ಸಾವಿರ ಲೀಟರಿಗೆ ನಾಲ್ಕು ಕೆ.ಜಿ. ವ್ಯತ್ಯಾಸ. ಸ್ಟ್ಯಾಂಡಿಗೆ ಅದು ಲೆಕ್ಕಕ್ಕಿಲ್ಲ, ಸಗಟು ವ್ಯಾಪಾರಕ್ಕೆ ಲೆಕ್ಕಕ್ಕಿದೆ.

ಕೊನೆಗೆ ಟ್ಯಾಂಕು. 2 ಘನ ಮೀಟರ್ ಎಣ್ಣೆ 911ರ ಲೆಕ್ಕದಲ್ಲಿ 1822 ಕೆ.ಜಿ. ಆದರೆ ಸ್ಟ್ಯಾಂಡನ್ನು ಎಣ್ಣೆಯ ತೂಕಕ್ಕೆ ಮಾಡಿಸಬೇಡಿ, ನೀರಿನ ತೂಕಕ್ಕೆ ಮಾಡಿಸಿ. ಸೋರಿಕೆ ನೋಡಲು ಮೊದಲು ನೀರೇ ತುಂಬುತ್ತಾರೆ, ಮುಂದೆ ತೊಳೆಯುವಾಗಲೂ ನೀರೇ ತುಂಬುವುದು. 1.2 ಮೀಟರ್ ವ್ಯಾಸ, 1.9 ಮೀಟರ್ ಎತ್ತರದ ದುಂಡು ಟ್ಯಾಂಕ್ ಅಂಚಿನ ತನಕ 2150 ಲೀಟರ್ ಹಿಡಿಯುತ್ತದೆ. ಅಷ್ಟು ನೀರು 2150 ಕೆ.ಜಿ. ಮೇಲೆ ಮುಚ್ಚಳ, ಕೆಳಗೆ ತಳ ಸೇರಿ ಸುಮಾರು 9.4 ಚದರ ಮೀಟರ್ ಹಾಳೆ ಬೇಕು. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 7.93 ಕೆ.ಜಿ., ಎರಡು ಮಿ.ಮೀ. ಹಾಕಿಸಿದರೆ ಸುಮಾರು 150 ಕೆ.ಜಿ. ಮೇಲಿನ 150 ಲೀಟರ್ ಜಾಗ ಖಾಲಿ ಬಿಡುವುದು ದಂಡವಲ್ಲ. ಡಿಸೆಂಬರದ ಮುಂಜಾನೆ 16 ಡಿಗ್ರಿಯಲ್ಲಿ ತುಂಬಿದ 2000 ಲೀಟರ್ ಎಣ್ಣೆ ಏಪ್ರಿಲ್ ಬಿಸಿಲಿಗೆ 38 ಡಿಗ್ರಿ ಆದರೆ ಸುಮಾರು 34 ಲೀಟರ್ ಉಬ್ಬುತ್ತದೆ.

ಫ್ಯಾಬ್ರಿಕೇಟರಿಗೆ ಕಳಿಸುವ ಚೀಟಿಯಲ್ಲಿ ಹೀಗೆ ಬರೆಯಿರಿ: "ಶೇಂಗಾ ಎಣ್ಣೆ, ಘನ ಮೀಟರಿಗೆ 911 ಕೆ.ಜಿ., ತುಂಬುವುದು 2000 ಲೀಟರ್. ಸ್ಟ್ಯಾಂಡಿನ ಲೆಕ್ಕ ಮಾತ್ರ ಅಂಚಿನ ತನಕ ನೀರು ತುಂಬಿದ ಭಾರಕ್ಕೆ, ಟ್ಯಾಂಕಿನ ತೂಕವೂ ಸೇರಿ 2300 ಕೆ.ಜಿ., ಅದರ ಮೇಲೆ ನಿಮ್ಮ ರೂಢಿಯ ಸುರಕ್ಷತೆಯ ಅಂತರ." 911ರ ಮುಂದೆ ಮಾನವನ್ನು ಪೂರ್ತಿ ಅಕ್ಷರದಲ್ಲಿ ಬರೆಯಲು ಮಗಳಿಗೇ ಹೇಳಿ.